ಕನಸಿನ ಕಥೆಗಳ ಮೇಲಿನ ಅಪವಾದ

ಕಥೆಗಳನ್ನು ಓದಿ, ನಾಟಕಗಳನ್ನು ನೋಡಿ, ಅವುಗಳ ಗುಣದೋಷಗಳನ್ನು ವಿಚಾರಿಸುವ ವಿದ್ಯಾವಂತರಲ್ಲಿ ಒಂದು ಸೂತ್ರವು ವೇದವಾಕ್ಯದಂತೆ ನೆಲೆಗೊಂಡಿದೆ. ಕಥಾನಾಯಕನು ಕಷ್ಟಪರಂಪರೆಯಲ್ಲಿ ಸಿಕ್ಕಿ ತೊಳಲಿ, ಕಟ್ಟಕಡೆಗೆ ಹಾಸಿಗೆಯ ಮೇಲೆ ಕಣ್ದೆರೆದು, ಕಂಡದ್ದೆಲ್ಲವೂ ಕನಸೆಂದು ನಿಟ್ಟುಸಿರುಬಿಟ್ಟನಾದರೆ, ಆ ಕಥೆಯು ಪ್ರೇಕ್ಷಕನಿಗೆ ಮಾಡಿದ ವಂಚನೆಯೆಂಬುದೇ ಆ ಸೂತ್ರ. ಬೆಟ್ಟವನ್ನು ಅಗೆದು ಇಲಿಯನ್ನು ಹಿಡಿದಂತಾಯಿತೆಂದು ಅವರು ಮೂಗು ಮುರಿಯುತ್ತಾರೆ. ಲೆಕ್ಕವನ್ನು ಬಿಡಿಸಲಾರದ ಹುಡುಗನು ಉಪಾಧ್ಯಾಯರು ಬಳಿಗೆ ಬರುವಷ್ಟರಲ್ಲಿ ಸ್ಲೇಟನ್ನು ಒರಸಿಬಿಡುವಂತೆ, ಕಥೆಯನ್ನು ಮುಗಿಸಲಾರದ ಲೇಖಕನು ಅದನ್ನು ಕನಸೆಂದು ಒರಸಿಬಿಡುತ್ತಾನೆಂಬುದು ಅವರ ವಾದ.

ಈ ವಾದದಲ್ಲಿ ಹುರುಳೇ ಇಲ್ಲವೆಂದು ಯಾರೂ ಹೇಳಲಾರರು. ಹಾಗೆ ಒರಸಿದ ಸ್ಲೇಟುಗಳು ಲೋಕದಲ್ಲಿ ಬೇಕಾದಷ್ಟಿವೆ. ಆದರೆ ಸೂತ್ರವು ಬಾಯಿಪಾಠವಾದ ಮೇಲೆ ಲಕ್ಷ್ಯವನ್ನು ನೋಡುವ ಶ್ರಮವನ್ನು ಜನರು ಬಿಟ್ಟುಬಿಡುತ್ತಾರೆ. ಅಮೆರಿಕೆಯ ಟೆಲಿವಿಷನ್ನಿನಲ್ಲಿ 1959ರಿಂದ 1964ರವರೆಗೆ ಬಂದ ‘ದಿ ಟ್ವೈಲೈಟ್ ಝೋನ್’ ಎಂಬ ಕಪ್ಪು-ಬಿಳುಪಿನ ನಾಟಕಮಾಲೆಗೆ ಈ ಸೂತ್ರವನ್ನು ಹಚ್ಚಿ, ಅದರಲ್ಲಿನ ಸ್ವಪ್ನನಾಟಕಗಳನ್ನೆಲ್ಲ ಒಂದೇ ಏಟಿಗೆ ತಳ್ಳಿಹಾಕುವವರು ಮಾಡುತ್ತಿರುವ ತಪ್ಪು ಈ ಜಾತಿಯದು. ಅವುಗಳಲ್ಲಿ ಉತ್ತಮವಾದವುಗಳನ್ನು ಒಂದೊಂದಾಗಿ ನೋಡಿದವರಿಗೆ ತಿಳಿಯುವ ಸಂಗತಿಯೇ ಬೇರೆ. ಅಲ್ಲಿ ಎಚ್ಚರವು ಕನಸಿನ ಸಾಲವನ್ನು ತೀರಿಸುವುದಿಲ್ಲ. ಸಾಲವು ಎಚ್ಚರದ ಮೇಲೆಯೇ ಬಂದು ಕೂಡುತ್ತದೆ.

ಈ ಮಾಲೆಯ ಪರಿಚಯವಿಲ್ಲದ ವಾಚಕರಿಗೆ ಎರಡು ಮಾತು ಹೇಳುವುದು ಅವಶ್ಯ. ಸಿ. ಬಿ. ಎಸ್. ಎಂಬ ಪ್ರಸಾರ ಸಂಸ್ಥೆಯು 1959ರ ಅಕ್ಟೋಬರ್ 2ರಂದು ಇದನ್ನು ಆರಂಭಿಸಿತು. 1964ರ ಜೂನ್ 19ರಂದು ಇದು ನಿಂತಿತು. ಒಟ್ಟು 156 ನಾಟಕಗಳು. ಒಂದಕ್ಕೊಂದಕ್ಕೆ ಸಂಬಂಧವಿಲ್ಲ, ವಾರವಾರವೂ ಕಥೆ ಬೇರೆ, ನಟರು ಬೇರೆ. ನಾಲ್ಕನೆಯ ವರ್ಷದ 18 ನಾಟಕಗಳು ಒಂದೊಂದು ಗಂಟೆಯವು. ಉಳಿದುವೆಲ್ಲ ಅರ್ಧ ಗಂಟೆಯವು, ಅದರಲ್ಲಿಯೂ ಜಾಹೀರಾತಿನ ಕಾಲವನ್ನು ಕಳೆಯಬೇಕು. ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ಸಂಧ್ಯಾವಲಯವೆನ್ನಬಹುದು. ಇದನ್ನು ಕಟ್ಟಿದವನು ರಾಡ್ ಸರ್ಲಿಂಗ್ (1924-1975). ಎರಡನೆಯ ಮಹಾಯುದ್ಧದಲ್ಲಿ ಫಿಲಿಪೈನ್ಸ್ ದ್ವೀಪಗಳಲ್ಲಿ ಹೋರಾಡಿದ ಛತ್ರಧಾರಿ ಸೈನಿಕನಾತ. 156ರಲ್ಲಿ 92 ನಾಟಕಗಳು ಆತನ ಲೇಖನಿಯವೇ.

ಮೊದಲು ಆಕ್ಷೇಪಕರಿಗೆ ಸಲ್ಲಬೇಕಾದುದನ್ನು ಸಲ್ಲಿಸಿಬಿಡುವುದು ನ್ಯಾಯ. ಮಾಲೆಯ ಪ್ರಥಮ ನಾಟಕವಾದ ‘ವೇರ್ ಈಸ್ ಎವೆರಿಬಡಿ?’ ಎಂಬುದರಲ್ಲಿ ಒಬ್ಬ ತರುಣನು ನಿರ್ಜನವಾದ ಊರೊಂದರಲ್ಲಿ ಅಲೆಯುತ್ತಾನೆ. ಅಂಗಡಿಯ ಬಾಗಿಲು ತೆರೆದಿದೆ, ಮನುಷ್ಯರ ಸುಳಿವು ಮಾತ್ರ ಇಲ್ಲ. ಕೊನೆಗೆ ನೋಡಿದರೆ ಆತನು ಚಂದ್ರಯಾನಕ್ಕಾಗಿ ಶಿಕ್ಷಣ ಪಡೆಯುತ್ತಿರುವ ವೈಮಾನಿಕ. 484 ಗಂಟೆಗಳ ಕಾಲ ಪೆಟ್ಟಿಗೆಯಂಥ ಕೋಣೆಯಲ್ಲಿ ಒಬ್ಬಂಟಿಯಾಗಿದ್ದು ಚಿತ್ತಭ್ರಮೆಗೆ ಒಳಗಾದವನು. ಅಧಿಕಾರಿಗಳು ಬಂದು ವಿವರಣೆ ಹೇಳಿದೊಡನೆ ಊರು ಕರಗಿಹೋಗುತ್ತದೆ. ಇದು ಸ್ಲೇಟನ್ನು ಒರಸಿದ ಕಥೆಯೆಂದರೆ ಸರಿಯೇ. ಸರ್ಲಿಂಗನಿಗೂ ಇದು ಹೊಳೆಯದಿರಲಿಲ್ಲವೆಂದು ಊಹಿಸಲು ಆಧಾರವುಂಟು. 1960ರಲ್ಲಿ ಈ ನಾಟಕವನ್ನೇ ಆತನು ಗದ್ಯಕಥೆಯಾಗಿ ಬರೆದಾಗ, ಎಚ್ಚೆತ್ತವನ ಜೇಬಿನಲ್ಲಿ ಆ ಇಲ್ಲದ ಊರಿನ ಚಿತ್ರಮಂದಿರದ ಚೀಟಿಯೊಂದನ್ನು ಇರಿಸಿದನು.

ಈ ಸಣ್ಣ ಚೀಟಿಯಲ್ಲಿ ಇಡೀ ವಿವಾದದ ಬೀಜವಿದೆ. ಅದೇ ವರ್ಷದ ಸೆಪ್ಟೆಂಬರ್ 30ರಂದು ಬಂದ ‘ಕಿಂಗ್ ನೈನ್ ವಿಲ್ ನಾಟ್ ರಿಟರ್ನ್’ ಎಂಬ ನಾಟಕದಲ್ಲಿ ಆ ಬೀಜ ಮೊಳೆಯಿತು. 1943ರಲ್ಲಿ ಲಿಬಿಯದ ಮರಳುಗಾಡಿನಲ್ಲಿ ಕಾಣೆಯಾಗಿ 1958ರಲ್ಲಿ ಪತ್ತೆಯಾದ ‘ಲೇಡಿ ಬಿ ಗುಡ್’ ಎಂಬ ಯುದ್ಧವಿಮಾನದ ನಿಜವೃತ್ತಾಂತವು ಇದಕ್ಕೆ ಮೂಲ. ಕ್ಯಾಪ್ಟನ್ ಎಂಬ್ರಿಯು ಮರಳಿನಲ್ಲಿ ಬಿದ್ದ ತನ್ನ ವಿಮಾನದ ಪಕ್ಕದಲ್ಲಿ ಕಣ್ದೆರೆಯುತ್ತಾನೆ. ಸಹಚರರು ಒಬ್ಬರೂ ಇಲ್ಲ. ಕೂಗಿ ಕೂಗಿ ಸೋಲುತ್ತಾನೆ. ನಿಜದಲ್ಲಿ ಆತನು ಹದಿನೇಳು ವರ್ಷಗಳ ಅನಂತರ ಆಸ್ಪತ್ರೆಯ ಮಂಚದ ಮೇಲಿದ್ದಾನೆ. ಆ ದಿನ ಅಸ್ವಸ್ಥನೆಂದು ಹೋಗದೆ ಉಳಿದವನು; ಹೋದವರು ಸತ್ತರು. ವಿಮಾನವು ಸಿಕ್ಕಿತೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ನೋಡಿದೊಡನೆ ಮನಸ್ಸು ಕುಸಿಯಿತು. ವೈದ್ಯರು ಇದನ್ನೆಲ್ಲ ಅಚ್ಚುಕಟ್ಟಾಗಿ ವಿವರಿಸುತ್ತಾರೆ. ಅಷ್ಟರಲ್ಲಿ ಆತನ ಬೂಟನ್ನು ಎತ್ತಿದಾಗ ಅದರಿಂದ ಮರಳು ಸುರಿಯುತ್ತದೆ.

ಮೋಸವೆಂದು ಕೂಗುವವರು ಈ ಮರಳಿಗೆ ಏನು ಹೇಳುತ್ತಾರೆ? ಕನಸೆಂದು ಕಥೆಯನ್ನು ಅಳಿಸಿದವನಾಗಿದ್ದರೆ ಲೇಖಕನಿಗೆ ಮರಳಿನ ಗೊಡವೆ ಏತಕ್ಕೆ ಬೇಕು? ಸತ್ತ ಸಹಚರರ ಬಗೆಗಿನ ಸಂಕಟವು ಚಿಕಿತ್ಸೆಯಿಂದ ತೀರುವ ರೋಗವಲ್ಲ, ಅದು ಹೊತ್ತು ತರಬೇಕಾದ ಭಾರವೆಂಬುದು ಆ ಹಿಡಿ ಮರಳಿನ ಅರ್ಥ. ಯೋಗವಾಸಿಷ್ಠವನ್ನು ಓದಿದವರಿಗೆ ಇಲ್ಲಿ ಲವಣರಾಜನು ನೆನಪಾಗದಿರನು. ಐಂದ್ರಜಾಲಿಕನ ಪ್ರಭಾವದಿಂದ ಕ್ಷಣಮಾತ್ರದಲ್ಲಿ ಚಂಡಾಲಜನ್ಮವನ್ನೆಲ್ಲ ಬಾಳಿ ಎಚ್ಚೆತ್ತ ಆ ದೊರೆಯು, ವಿಂಧ್ಯದ ಕಡೆಗೆ ಹೋಗಿ ಹುಡುಕಿದಾಗ, ತಾನು ಕಂಡ ಕೇರಿಯೂ ಅಲ್ಲಿ ಅಳುತ್ತಿರುವ ಅತ್ತೆಯೂ ಇದ್ದುದನ್ನು ಕಂಡನು. ಸಾಮ್ಯವು ಇಲ್ಲಿಗೆ ಮುಗಿಯಿತು. ವಾಸಿಷ್ಠವು ಆ ಕಥೆಯನ್ನು ಹೇಳಿದ್ದು ಜಗತ್ತಿನ ಮೇಲಣ ಹಿಡಿತ ಸಡಿಲವಾಗಲೆಂದು. ಸರ್ಲಿಂಗನು ಮರಳನ್ನು ಸುರಿದದ್ದು ಅದು ಬಿಗಿಯಾಗಲೆಂದು.

ಈ ಭೇದವನ್ನು ಒತ್ತಿ ಹೇಳಬೇಕಾದ ಕಾರಣವುಂಟು. ಈ ನಾಟಕಗಳನ್ನು ನಿಂದಿಸುವವರಿಗಿಂತಲೂ ಹೊಗಳುವವರಿಂದ ಅವಕ್ಕೆ ಹೆಚ್ಚು ಅನ್ಯಾಯವಾಗಿದೆ. ಪಶ್ಚಿಮದಲ್ಲಿ ಯಾವ ವಿಷಯವು ಕಣ್ಣಿಗೆ ಬಿದ್ದರೂ ಅದು ತಮ್ಮ ಅಜ್ಜನ ಪೆಟ್ಟಿಗೆಯಿಂದ ಕದ್ದದ್ದೆಂದು ಹೆಮ್ಮೆಪಡುವ ಪಂಡಿತರು ಈ ದೇಶದಲ್ಲಿ ಕಡಮೆಯಿಲ್ಲ. ಅವರಿಗೆ ‘ಪರ್ಚಾನ್ಸ್ ಟು ಡ್ರೀಮ್’ ಎಂಬ ನಾಟಕವೊಂದು ಸಿಕ್ಕಿಬಿಟ್ಟಿದೆ. 1959ರ ನವೆಂಬರ್ 27ರಂದು ಪ್ರಸಾರವಾದ ಇದನ್ನು ಬರೆದವನು ಚಾರ್ಲ್ಸ್ ಬೋಮಾಂಟ್. ಹೆಸರನ್ನು ಷೇಕ್ಸ್‌ಪಿಯರ್ ಕವಿಯ ಹ್ಯಾಮ್ಲೆಟ್ ನಾಟಕದಿಂದ ತೆಗೆದುಕೊಂಡದ್ದು. ಇದರಲ್ಲಿ ಕನಸಿನಲ್ಲಿ ಬಂದು ಕಾಡುವ ಹೆಣ್ಣಿನ ಹೆಸರು ಮಾಯಾ! ಇಷ್ಟು ಸಾಲದೆ? ಬೋಮಾಂಟನು ವೇದಾಂತಿಯಾದನು, ಅಮೆರಿಕೆಯ ಟೆಲಿವಿಷನ್ನು ಅದ್ವೈತಪೀಠವಾಯಿತು.

ಕಥೆಯನ್ನು ನೋಡಬೇಕು. ಎಡ್ವರ್ಡ್ ಹಾಲ್ ಎಂಬವನಿಗೆ ಹೃದಯ ದುರ್ಬಲ. ಕಲ್ಪನಾಶಕ್ತಿಯು ಹುಟ್ಟಿನಿಂದಲೇ ಅತಿಯಾದುದು. ರಾತ್ರಿ ರಾತ್ರಿಗೂ ಧಾರಾವಾಹಿಯಂತೆ ಮುಂದುವರಿಯುವ ಕನಸೊಂದು ಆತನನ್ನು ಹಿಡಿದಿದೆ: ಜಾತ್ರೆಯಂಥ ವಿನೋದೋದ್ಯಾನ, ಅಲ್ಲಿ ಬೆಕ್ಕಿನಂತೆ ನುಣುಪಾಗಿ ಸುಳಿಯುವ ಮಾಯಾ, ಆಕೆಯ ಒತ್ತಾಯದಿಂದ ಹತ್ತಿದ ಏರಿಳಿತದ ಹಳಿಬಂಡಿ. ಮತ್ತೊಮ್ಮೆ ಮಲಗಿದರೆ ಆ ಬಂಡಿಯಿಂದ ಬಿದ್ದು, ಆ ಭಯಕ್ಕೆ ಹೃದಯವು ನಿಂತುಹೋಗುವುದು ನಿಶ್ಚಯ. ಮಲಗದೆ ಎದ್ದಿದ್ದರೆ ಆಯಾಸದಿಂದಲೇ ಅದು ನಿಲ್ಲುವುದೂ ಅಷ್ಟೇ ನಿಶ್ಚಯ. ಅತ್ತ ದರಿ, ಇತ್ತ ಪುಲಿ. ನಾಲ್ಕು ದಿನಗಳಿಂದ ಕಣ್ಣು ಮುಚ್ಚದೆ ಆತನು ಮನೋವೈದ್ಯನ ಬಳಿಗೆ ಬಂದಿದ್ದಾನೆ.

ಇದರಲ್ಲಿ ಅದ್ವೈತವೆಲ್ಲಿದೆ? ಹಗ್ಗವನ್ನು ಹಗ್ಗವೆಂದು ತಿಳಿದೊಡನೆ ಹಾವಿನ ಭಯವು ಹೋಗಬೇಕು. ಜ್ಞಾನದಿಂದಲೇ ಬಿಡುಗಡೆಯೆಂಬುದು ಆ ಸಿದ್ಧಾಂತದ ಜೀವ. ಹಾಲನಿಗಾದರೋ ಅಜ್ಞಾನವೇ ಇಲ್ಲ. ತಾನು ಕಾಣುವುದು ಕನಸೆಂದು ಆತನು ಚೆನ್ನಾಗಿ ಬಲ್ಲನು, ವೈದ್ಯನಿಗೆ ಹಾಗೆಂದೇ ಹೇಳುತ್ತಾನೆ. ಹಗ್ಗವೆಂದು ತಿಳಿದ ಮೇಲೂ ಹಾವು ಕಚ್ಚುತ್ತದೆಂಬುದೇ ಈ ನಾಟಕದ ಭಯಾನಕರಸ. ಹೆಸರನ್ನು ಕಂಡು ಕುಣಿಯುವ ಬದಲು ಈ ಪಂಡಿತರು ಭಾಷ್ಯವನ್ನು ತೆರೆದು ನೋಡಿದ್ದರೆ ಸರಿಯಾದ ಸಾಮ್ಯವೇ ಸಿಗುತ್ತಿತ್ತು. ಬ್ರಹ್ಮಸೂತ್ರದ ಆರಂಭಣಾಧಿಕರಣದ ಭಾಷ್ಯದಲ್ಲಿ ಶಂಕರರು, ವಿಷವನ್ನು ಕುಡಿಯದಿದ್ದರೂ ಕುಡಿದೆನೆಂಬ ಶಂಕೆಯಿಂದಲೇ ಸಾಯುವವರುಂಟೆಂದು ದೃಷ್ಟಾಂತ ಕೊಟ್ಟಿದ್ದಾರೆ. ಅದರ ಜೊತೆಗೇ ಕನಸಿನ ಸರ್ಪದಂಶದ ಮಾತೂ ಬರುತ್ತದೆ. ಹಾಲನು ಸತ್ತದ್ದು ಇಂಥ ಶಂಕಾವಿಷದಿಂದ. ಆದರೆ ಭಾಷ್ಯಕಾರರು ಆ ದೃಷ್ಟಾಂತವನ್ನು ಕೊಟ್ಟದ್ದು ಸುಳ್ಳಿನ ದಾರಿಯಿಂದಲೂ ಸತ್ಯವನ್ನು ಮುಟ್ಟಬಹುದೆಂದು ತೋರಿಸಲು. ಬೋಮಾಂಟನ ನಾಟಕದಲ್ಲಿ ಮುಟ್ಟುವುದು ಸಾವನ್ನು ಮಾತ್ರ. ಪೂರ್ವಜರ ಗೌರವವನ್ನು ಕಾಯಬೇಕೆನ್ನುವವರು ಪೂರ್ವಜರು ಹೇಳಿದ್ದೇನೆಂಬುದನ್ನಾದರೂ ಓದಬೇಡವೆ?

ಇನ್ನು ಈ ನಾಟಕದ ಮುಕ್ತಾಯ. ಹಾಲನು ವೈದ್ಯನಿಗೆ ತನ್ನ ಕಥೆಯನ್ನೆಲ್ಲ ಹೇಳಿ, ಹೊರಗೆ ಬಂದು, ಅಲ್ಲಿನ ಪರಿಚಾರಿಕೆಯ ಮುಖದಲ್ಲಿ ಮಾಯಾಳನ್ನೇ ಕಂಡು, ಹೆದರಿ ಕಿಟಕಿಯಿಂದ ಹಾರುತ್ತಾನೆ. ಮರುಕ್ಷಣದಲ್ಲಿ ನೋಡಿದರೆ ಆತನ ಶವವು ವೈದ್ಯನ ಮಂಚದ ಮೇಲೆಯೇ ಇದೆ. ಬಂದವನು ಮಲಗಿದ, ಕಣ್ಣು ಮುಚ್ಚಿದ, ಕೆಲವೇ ಕ್ಷಣಗಳಲ್ಲಿ ಕಿರಿಚಿ ಸತ್ತ, ಅಷ್ಟೇ ನಡೆದದ್ದು. ನಿದ್ದೆಯಲ್ಲಿ ಸುಖವಾಗಿ ಹೋದನೆಂದು ವೈದ್ಯನು ಸಮಾಧಾನಪಟ್ಟುಕೊಳ್ಳುತ್ತಾನೆ. ಆಕ್ಷೇಪಕರು ಇಲ್ಲಿಯೇ ಎದ್ದು, ಹಾಗಾದರೆ ಅಷ್ಟು ಹೊತ್ತು ನೋಡಿದ ಸಂಭಾಷಣೆ ನಡೆಯಲೇ ಇಲ್ಲವಷ್ಟೆ, ಮೋಸವಾಯಿತಷ್ಟೆ ಎನ್ನುತ್ತಾರೆ. ನಡೆಯಲಿಲ್ಲ, ನಿಜ. ಒಬ್ಬ ಮನುಷ್ಯನು ತನ್ನ ಪ್ರಾಣಭಯವನ್ನು ಹೇಳಿಕೊಳ್ಳಲು ಬಂದು ಒಂದು ಮಾತನ್ನೂ ಹೇಳದೆ ಸತ್ತನು. ಬದುಕಿರುವವರು ಅದನ್ನು ಸುಖಮರಣವೆಂದರು. ಅಲ್ಲವೆಂದು ಬಲ್ಲವನು ಲೋಕದಲ್ಲಿ ಪ್ರೇಕ್ಷಕನೊಬ್ಬನೇ. ಕನಸಿನ ಹೊರತು ಬೇರೆ ಯಾವ ಸಾಧನದಿಂದ ಇದನ್ನು ತೋರಿಸಬಹುದಾಗಿತ್ತೆಂದು ಆಕ್ಷೇಪಕರೇ ಹೇಳಲಿ.

ಇಷ್ಟಕ್ಕೂ ಸರ್ಲಿಂಗನಂಥ ಲೇಖಕನು ಕನಸಿನ ಬಾಗಿಲಿಗೆ ಬಂದದ್ದು ಏತಕ್ಕೆ? ಅದಕ್ಕೆ ಮೊದಲು ಆತನು ಎಚ್ಚರದ ನಾಟಕಗಳನ್ನೇ ಬರೆಯುತ್ತಿದ್ದನು. 1955ರ ಆಗಸ್ಟಿನಲ್ಲಿ ಮಿಸಿಸಿಪಿ ಸಂಸ್ಥಾನದಲ್ಲಿ ಎಮ್ಮೆಟ್ ಟಿಲ್ ಎಂಬ 14 ವರ್ಷದ ಆಫ್ರಿಕನ್ ವಂಶದ ಬಾಲಕನನ್ನು ಕೊಂದರು. ಆರೋಪಿಗಳಾದ ಇಬ್ಬರು ಬಿಳಿಯರನ್ನು ಬಿಳಿಯರೇ ತುಂಬಿದ ಪಂಚರು ನಿರ್ದೋಷಿಗಳೆಂದು ಬಿಟ್ಟರು. ಈ ಘೋರವು ಸರ್ಲಿಂಗನನ್ನು ಕಲಕಿತು. 1956ರಲ್ಲಿ ‘ನೂನ್ ಆನ್ ಡೂಮ್ಸ್‌ಡೇ’ ಎಂಬ ನಾಟಕವನ್ನು ಬರೆದನು. ಆಗ ನಾಟಕಗಳಿಗೆ ಹಣ ಒದಗಿಸುತ್ತಿದ್ದವರು ತಮ್ಮ ಸರಕಿನ ಜಾಹೀರಾತಿಗಾಗಿ ಬಂದ ವರ್ತಕ ಸಂಸ್ಥೆಗಳು. ದಕ್ಷಿಣ ಸಂಸ್ಥಾನಗಳ ಗಿರಾಕಿಗಳು ಮುನಿದಾರೆಂಬ ಅಂಜಿಕೆಯಿಂದ ಕಥೆಯನ್ನು ಉತ್ತರದ ನ್ಯೂ ಇಂಗ್ಲೆಂಡಿಗೆ ಸಾಗಿಸಿದರು. ಹತನಾದವನನ್ನು ಯಾರೋ ಪರದೇಶಿಯನ್ನಾಗಿ ಮಾಡಿದರು. ಕುಂಬಳಕಾಯಿ ಕಳ್ಳನೆಂದರೆ ಹೆಗಲನ್ನು ಮುಟ್ಟಿ ನೋಡಿಕೊಂಡರೆಂಬ ಗಾದೆ ಇಲ್ಲಿ ಸಾರ್ಥಕವಾಯಿತು. 1958ರಲ್ಲಿ ಆತನು ‘ಎ ಟೌನ್ ಹ್ಯಾಸ್ ಟರ್ನ್ಡ್ ಟು ಡಸ್ಟ್’ ಎಂದು ಮತ್ತೊಮ್ಮೆ ಯತ್ನಿಸಿದನು. ಅದೂ ಹಿಂದಿನ ಶತಮಾನದ ನೈರುತ್ಯ ಪ್ರಾಂತಕ್ಕೆ ಗಡೀಪಾರಾಗಿ, ಸತ್ತವನು ಮೆಕ್ಸಿಕನ್ನನಾದನು. ಮರುವರ್ಷವೇ ಸಂಧ್ಯಾವಲಯವು ಆರಂಭವಾಯಿತು. ಹಗಲಿನ ಮಾತಿಗೆ ಕತ್ತರಿ ಹಿಡಿದಿದ್ದವರು ಕನಸಿನ ಮಾತನ್ನು ಮಕ್ಕಳ ಕಟ್ಟುಕಥೆಯೆಂದು ಬಿಟ್ಟುಕೊಟ್ಟರು. ಕನಸಿನ ಕಥೆಯು ಪ್ರೇಕ್ಷಕನಿಗೆ ಮಾಡಿದ ವಂಚನೆಯೆನ್ನುವವರು ಒಂದು ವಿಷಯವನ್ನು ಯೋಚಿಸಬೇಕು: ಆ ವರ್ಷಗಳ ಅಮೆರಿಕೆಯ ಟೆಲಿವಿಷನ್ನಿನಲ್ಲಿ ಪ್ರೇಕ್ಷಕನು ವಂಚಿತನಾದದ್ದು ‘ನಿಜ’ವೆಂದು ತೋರಿಸಿದ ನಾಟಕಗಳಿಂದಲೋ, ಕನಸೆಂದು ಒಪ್ಪಿಕೊಂಡ ನಾಟಕಗಳಿಂದಲೋ?

ಬೋಮಾಂಟನದೇ ಆದ ‘ಷ್ಯಾಡೋ ಪ್ಲೇ’ (1961ರ ಮೇ 5) ಈ ಸ್ವಾತಂತ್ರ್ಯದ ಅತ್ಯುತ್ತಮ ಫಲ. ಇಡೀ ಮಾಲೆಯಲ್ಲಿ ಇದಕ್ಕಿಂತ ಮಿಗಿಲಾದ ಸ್ವಪ್ನನಾಟಕವಿಲ್ಲ. ಆಡಂ ಗ್ರಾಂಟ್ ಎಂಬವನಿಗೆ ನ್ಯಾಯಾಧೀಶನು ಮರಣದಂಡನೆಯನ್ನು ವಿಧಿಸುತ್ತಾನೆ. ಗ್ರಾಂಟನು ನಗುತ್ತಾನೆ. ಇದೆಲ್ಲವೂ ತನ್ನ ಕನಸು, ಪ್ರತಿರಾತ್ರಿಯೂ ಇದೇ ತೀರ್ಪು, ಇದೇ ವಿದ್ಯುತ್ಪೀಠ. ತನ್ನನ್ನು ಕೊಂದೊಡನೆ ತಾನು ಎಚ್ಚರಗೊಳ್ಳುವೆನು, ಆಗ ಈ ನ್ಯಾಯಾಧೀಶ, ಈ ವಕೀಲ, ಈ ಊರು ಯಾವುದೂ ಇರುವುದಿಲ್ಲವೆಂದು ಸಾರುತ್ತಾನೆ. ಸೆರೆಮನೆಯು ಸಿನೆಮಾದಲ್ಲಿ ಕಂಡಂತೆಯೇ ಇರುವುದೇಕೆಂದರೆ, ತಾನು ಎಂದೂ ನಿಜವಾದ ಸೆರೆಮನೆಯನ್ನು ಕಂಡವನಲ್ಲವೆನ್ನುತ್ತಾನೆ. ಸರ್ಕಾರಿ ವಕೀಲನಾದ ರಿಚಿಗೆ ಮೊದಲು ತಾತ್ಸಾರ. ಪತ್ರಿಕಾಕರ್ತನಾದ ಮಿತ್ರನೊಬ್ಬನು ಕುಡಿದು ಮನೆಗೆ ಬಂದು, ಅವನ ಮಾತು ನಿಜವಾಗಿದ್ದರೆ ಏನು ಗತಿಯೆಂದು ಕೇಳಿದಾಗ ತಾತ್ಸಾರವು ಕಸಿವಿಸಿಗೆ ತಿರುಗುತ್ತದೆ. ಕಡೆಯ ಗಳಿಗೆಯಲ್ಲಿ ಶಿಕ್ಷೆಯನ್ನು ತಡೆಯುವ ಪ್ರಯತ್ನ ನಡೆಯುತ್ತದೆ. ತಡೆಯಾಜ್ಞೆಯು ಒಂದು ಕ್ಷಣ ತಡವಾಗಿ ಬರುತ್ತದೆ. ಲೋಕವು ನಂದಿಹೋಗುತ್ತದೆ. ಮತ್ತೆ ನ್ಯಾಯಸ್ಥಾನ, ಮತ್ತೆ ಅದೇ ತೀರ್ಪು; ಅವೇ ಮುಖಗಳು ಬೇರೆ ಬೇರೆ ವೇಷಗಳಲ್ಲಿ.

ಇಲ್ಲಿ ಸೂತ್ರವನ್ನು ಹಚ್ಚುವುದು ಹೇಗೆ? ಕನಸೆಂಬುದು ಕಥೆಯ ಕೊನೆಯಲ್ಲಿ ಬಂದ ನುಸುಳುದಾರಿಯಲ್ಲ, ಮೊದಲ ನಿಮಿಷದಲ್ಲಿಯೇ ಬಹಿರಂಗವಾಗಿ ಹೇಳಿದ ಪ್ರತಿಜ್ಞೆ. ಯಾರೂ ನಂಬುವುದಿಲ್ಲ, ಅಷ್ಟೆ. ಮರಣದಂಡನೆಯನ್ನು ಖಂಡಿಸುವ ಉಪನ್ಯಾಸವನ್ನು ಬೋಮಾಂಟನು ಬರೆಯಲಿಲ್ಲ. ಬರೆದಿದ್ದರೆ ಅದಕ್ಕೂ ಕತ್ತರಿ ಬೀಳುತ್ತಿತ್ತು. ಒಬ್ಬನ ಕೊಲೆಯೊಡನೆ ಒಂದು ಲೋಕವೆಲ್ಲವೂ ಆರಿಹೋಗುತ್ತದೆಂಬುದನ್ನು ಅಕ್ಷರಶಃ ತೋರಿಸಿಬಿಟ್ಟನು. ಕೊಲ್ಲುವವರು ದುಷ್ಟರಲ್ಲ, ಮನೆಯಲ್ಲಿ ಹೆಂಡತಿಯುಳ್ಳ, ಸ್ನೇಹಿತರುಳ್ಳ ಸಂಭಾವಿತರು. ಕೊಂದರೆ ತಾವೂ ಉಳಿಯುವುದಿಲ್ಲವೆಂಬ ಅನುಮಾನವು ಬಂದ ಮೇಲೆಯೇ ಅವರಲ್ಲಿ ದಯೆ ಹುಟ್ಟುತ್ತದೆಂಬುದು ಈ ನಾಟಕದ ಅತ್ಯಂತ ಕಟುವಾದ ಅಂಶ. ಹೊಗಳುವವರೂ ಇದನ್ನು ಗಮನಿಸಿದಂತೆ ತೋರುವುದಿಲ್ಲ. ಬೋಮಾಂಟನು 1967ರಲ್ಲಿ, ತನ್ನ 38ನೆಯ ವಯಸ್ಸಿನಲ್ಲಿ, ರೋಗದಿಂದ ಕುಗ್ಗಿ ತೀರಿಕೊಂಡನು.

ನಿರ್ದೇಶಕ ಜಾನ್ ಬ್ರಾಮನ ಕೈಚಳಕವನ್ನೂ ಇಲ್ಲಿ ಹೇಳಬೇಕು. ಕನಸನ್ನು ತೋರಿಸಬೇಕಾದಾಗ ಚಿತ್ರದ ಮೇಲೆ ಹೊಗೆಯನ್ನೋ ಅಲೆಯನ್ನೋ ಹಾಯಿಸುವುದು ಚಲಚ್ಚಿತ್ರಗಳ ಹಳೆಯ ಪದ್ಧತಿ. ಇದರಲ್ಲಿ ಅಂಥ ಸಂಕೇತವೇನೂ ಇಲ್ಲ. ಕನಸಿನ ಕಂಬಿಯ ನೆರಳೂ ನಿಜವಾದ ಕಂಬಿಯ ನೆರಳಿನಷ್ಟೇ ಕಪ್ಪು. ಬಣ್ಣವಿಲ್ಲದ ಚಿತ್ರಗಳೆಂದು ಇವನ್ನು ಈಗಿನ ಮಕ್ಕಳು ತಾತ್ಸಾರಮಾಡುವುದುಂಟು. ಎಲ್ಲಿ ಎಚ್ಚರ ಮುಗಿದು ಕನಸು ಮೊದಲಾಯಿತೆಂಬುದನ್ನು ಬಣ್ಣವು ಹೇಳಿಬಿಡುತ್ತಿತ್ತೇನೋ.

ಮಾಲೆಯ ಎಲ್ಲ ಕನಸುಗಳಿಗೂ ಈ ಯೋಗ್ಯತೆಯಿದೆಯೆಂದು ವಾದಿಸುವುದು ಅತ್ಯುಕ್ತಿ. 1961ರ ಫೆಬ್ರವರಿಯ ‘ಟ್ವೆಂಟಿ ಟೂ’ ಎಂಬುದರಲ್ಲಿ ನರ್ತಕಿಯೊಬ್ಬಳು ಆಸ್ಪತ್ರೆಯಲ್ಲಿ ಪ್ರತಿರಾತ್ರಿಯೂ 22ನೆಯ ನಂಬರಿನ ಶವಾಗಾರವನ್ನು ಕನಸಿನಲ್ಲಿ ಕಂಡು, ಕೊನೆಗೆ ಅದೇ ನಂಬರಿನ ವಿಮಾನವನ್ನು ಹತ್ತದೆ ಬದುಕಿಕೊಳ್ಳುತ್ತಾಳೆ. ಹಳೆಯ ದೆವ್ವದ ಕಥೆಯೊಂದನ್ನು ಸರ್ಲಿಂಗನು ಎತ್ತಿಕೊಂಡು ಬರೆದದ್ದಿದು. ಪಂಚಾಂಗದ ಕೊನೆಯಲ್ಲಿ ಅಚ್ಚುಹಾಕುವ ಸ್ವಪ್ನಫಲಕ್ಕಿಂತ ಇದರಲ್ಲಿ ಹೆಚ್ಚಿನದೇನೂ ಇಲ್ಲ. ಇದನ್ನು ಆಕ್ಷೇಪಕರಿಗೆ ಧಾರಾಳವಾಗಿ ಬಿಟ್ಟುಕೊಡಬಹುದು.

‘ದಿ ಮಿಡ್‌ನೈಟ್ ಸನ್’ (1961ರ ನವೆಂಬರ್ 17) ಎಂಬುದನ್ನು ಮಾತ್ರ ಬಿಟ್ಟುಕೊಡಲಾಗದು. ಭೂಮಿಯು ದಾರಿತಪ್ಪಿ ಸೂರ್ಯನ ಸಮೀಪಕ್ಕೆ ಜಾರುತ್ತಿದೆ. ಜನರು ಊರನ್ನು ಬಿಟ್ಟು ಓಡಿದ್ದಾರೆ. ಚಿತ್ರಕಾರಿಣಿಯಾದ ನಾರ್ಮಾ ಮತ್ತು ಮನೆಯ ಒಡತಿ ಇಬ್ಬರೇ ಉಳಿದು ನೀರಿಗಾಗಿ ಬಾಯಿಬಿಡುತ್ತಾರೆ. ಬಿಸಿಲಿಗೆ ಚಿತ್ರಪಟದ ಬಣ್ಣವೇ ಕರಗಿ ಇಳಿಯುತ್ತದೆ. ನಾರ್ಮಾ ಚೀರಿ ಬೀಳುತ್ತಾಳೆ. ಎಚ್ಚರವಾದಾಗ ಆಕೆಗೆ ಜ್ವರ, ಕಿಟಕಿಯ ಹೊರಗೆ ಹಿಮ, ಬಿಸಿಲೆಲ್ಲ ಕನಸು. ತಂಪು ಎಷ್ಟು ಹಿತವೆಂದು ಆಕೆ ಸಂತೋಷಪಡುತ್ತಾಳೆ. ಭೂಮಿಯು ದಾರಿತಪ್ಪಿದ್ದು ಮಾತ್ರ ಕನಸಲ್ಲ. ಅದು ಸೂರ್ಯನಿಂದ ದೂರ ದೂರ ಸರಿಯುತ್ತಿದೆ, ಎಲ್ಲರೂ ಹೆಪ್ಪುಗಟ್ಟಿ ಸಾಯುವವರೇ. ಕನಸು ಮುಗಿದದ್ದರಿಂದ ಆಕೆಗೆ ಲಭಿಸಿದ ಲಾಭವೆಂದರೆ ಸಾವಿನ ರೀತಿಯ ಬದಲಾವಣೆ.

‘ಎ ಸ್ಟಾಪ್ ಅಟ್ ವಿಲ್ಲೋಬಿ’ ಎಂಬ 1960ರ ನಾಟಕದಲ್ಲಿ ನ್ಯೂಯಾರ್ಕಿನ ಜಾಹೀರಾತು ಕಚೇರಿಯ ನೌಕರನೊಬ್ಬನು, ಧಣಿಯ ಗದರಿಕೆಗೆ ಸೋತು, ಮನೆಗೆ ಮರಳುವ ರೈಲಿನಲ್ಲಿ ತೂಕಡಿಸಿ, 1888ರ ಬೇಸಗೆಯ ಒಂದು ಶಾಂತವಾದ ಹಳ್ಳಿಯನ್ನು ಕಾಣುತ್ತಾನೆ. ಮೂರನೆಯ ಸಲ ಅಲ್ಲಿ ಇಳಿದೇಬಿಡುತ್ತಾನೆ. ಓಡುವ ರೈಲಿನಿಂದ ಬಿದ್ದು ಸತ್ತವನ ಶವವನ್ನು ಒಯ್ಯಲು ಬಂದ ಗಾಡಿಯ ಮೇಲೆ ಬರೆದಿರುವ ಶವಸಂಸ್ಕಾರದ ಅಂಗಡಿಯ ಹೆಸರು ವಿಲ್ಲೋಬಿ. ಕನಸಿನ ಕಥೆಗಳು ಜನರಿಗೆ ಪಲಾಯನವನ್ನು ಕಲಿಸುತ್ತವೆಂದು ಬೋಧಿಸುವವರು ಇದನ್ನು ನೋಡಿಲ್ಲವೆಂದೇ ತಿಳಿಯಬೇಕು. ಜಾಹೀರಾತುಗಾರರ ಹಣದಿಂದಲೇ ನಡೆಯುತ್ತಿದ್ದ ಮಾಲೆಯಲ್ಲಿ ಜಾಹೀರಾತು ಕಚೇರಿಯು ಮನುಷ್ಯನನ್ನು ಕೊಂದ ಕಥೆಯನ್ನು ಹೇಳಿದ್ದು ಸಣ್ಣ ಸಾಹಸವಲ್ಲ.

ಈ ಮಾಲೆಗೆಲ್ಲ ಬೀಜವಾದ ಸರ್ಲಿಂಗನ ನಾಟಕವೊಂದುಂಟು. ಅದರ ಹೆಸರು ‘ದಿ ಟೈಂ ಎಲಿಮೆಂಟ್’. ಸಿ. ಬಿ. ಎಸ್. ಸಂಸ್ಥೆಯು ಅದನ್ನು ಕೊಂಡು ಕಪಾಟಿನಲ್ಲಿ ಹಾಕಿತ್ತು. 1958ರ ನವೆಂಬರ್ 24ರಂದು ‘ಡೆಸಿಲು ಪ್ಲೇಹೌಸ್’ ಎಂಬ ಬೇರೊಂದು ಮಾಲೆಯಲ್ಲಿ ಅದು ಹೊರಬಂದು ಪ್ರೇಕ್ಷಕರ ಮೆಚ್ಚಿಕೆ ಗಳಿಸಿದ ಮೇಲೆಯೇ ಸಂಧ್ಯಾವಲಯಕ್ಕೆ ದಾರಿಯಾಯಿತು. ಅದರಲ್ಲಿ ಪೀಟರ್ ಜೆನ್ಸನ್ ಎಂಬವನು ಮನೋವೈದ್ಯನ ಬಳಿಗೆ ಬಂದು, ತಾನು ಪ್ರತಿರಾತ್ರಿಯೂ 1941ರ ಡಿಸೆಂಬರ್ 6ರ ಹೊನೊಲುಲುವಿನಲ್ಲಿ ಎಚ್ಚರಗೊಳ್ಳುತ್ತೇನೆ, ಮರುದಿನ ಜಪಾನೀಯರ ಬಾಂಬುಗಳು ಪರ್ಲ್ ಹಾರ್ಬರಿನ ಮೇಲೆ ಬೀಳುವುವೆಂದು ಎಲ್ಲರಿಗೂ ಸಾರುತ್ತೇನೆ, ಯಾರೂ ಕೇಳುವುದಿಲ್ಲವೆನ್ನುತ್ತಾನೆ. ಹೇಳುತ್ತ ಹೇಳುತ್ತ ಆ ಮಂಚದ ಮೇಲೆಯೇ ನಿದ್ದೆಹೋಗುತ್ತಾನೆ. ಕನಸಿನಲ್ಲಿ ಬಾಂಬುಗಳು ಬೀಳುತ್ತವೆ. ಕೋಣೆಯಲ್ಲಿ ವೈದ್ಯನೊಬ್ಬನೇ ಇದ್ದಾನೆ, ಮಂಚ ಬರಿದು. ಯಾರಿಗಾಗಿ ಕಾದು ಕುಳಿತಿದ್ದೆನೆಂಬುದೂ ಆತನಿಗೆ ಸರಿಯಾಗಿ ತಿಳಿಯದು. ಎದ್ದು ಪಾನಗೃಹವೊಂದಕ್ಕೆ ಹೋದಾಗ ಗೋಡೆಯ ಮೇಲೆ ಒಬ್ಬನ ಭಾವಚಿತ್ರವನ್ನು ಕಂಡು, ಎಲ್ಲಿಯೋ ನೋಡಿದ ಮುಖವೆಂದು ವಿಚಾರಿಸುತ್ತಾನೆ. ಪೀಟ್ ಜೆನ್ಸನ್, ಇಲ್ಲಿ ಕೆಲಸಕ್ಕಿದ್ದವನು, ಪರ್ಲ್ ಹಾರ್ಬರಿನಲ್ಲಿ ಸತ್ತನೆಂದು ಉತ್ತರ ಬರುತ್ತದೆ.

ಕನಸು ಕಂಡವನು ಎಚ್ಚರಗೊಂಡದ್ದರಿಂದ ಕಥೆಯು ಸುಳ್ಳಾಯಿತೆನ್ನುವ ವಿಮರ್ಶಕರು, ಈ ನಾಟಕದಲ್ಲಿ ಎಚ್ಚರಗೊಂಡವನು ಯಾರೆಂಬುದನ್ನು ಮೊದಲು ಹೇಳಲಿ.